ಲ್ಯಾನ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪ್ ನನಗೆ ತೋರಿಸಲೇಬೇಡಿ

ನಮಸ್ಕಾರ. ಕುಂಬಳೆಯಲ್ಲಿ ಬೆಳಗಿನಿಂದ ಮಳೆ. ಹಂಚಿನ ಮೇಲಿನ ಸದ್ದು ಕೇಳಿಸಿದರೆ ಸ್ವಲ್ಪ ಸುಧಾರಿಸಿಕೊಳ್ಳಿ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಒಬ್ಬ ಕಮೆಂಟ್ ಹಾಕಿದ್ದಾನೆ: "ಅಣ್ಣಾ, ನೆಟ್‌ವರ್ಕ್ ಕೆಲಸಕ್ಕೆ ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪೇ ಯಾಕೆ? ವೈಫೈ ಉಂಟಲ್ಲ?"

ವೈಫೈ ಉಂಟಂತೆ! ತಮ್ಮಾ, ವೈಫೈ ಸರಿ ಇದ್ದರೆ ನಮ್ಮನ್ನು ಯಾರು ಕರೆಯುತ್ತಾರೆ? ಅದು ಹೋದದ್ದಕ್ಕೇ ಅಲ್ವಾ ಫೋನ್ ಬರುವುದು? ಆಗ ಕೈ ಹಿಡಿಯುವುದು ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಕಿಂಡಿ.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ರ್‍ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಈವ್-ಎನ್‌ಜಿ, ಜಿಎನ್‌ಎಸ್3 ಅಂದರೆ ಲ್ಯಾಪ್‌ಟಾಪ್ ಒಳಗೇ ನಕಲಿ ನೆಟ್‌ವರ್ಕ್ ಕಟ್ಟಿ ಕಲಿಯುವ ಸಾಫ್ಟ್‌ವೇರ್. ಅದರಲ್ಲಿ ಸಿಸ್ಕೋ ಕಂಪನಿಯ ಸಿಎಸ್‌ಆರ್ 1000ವಿ ಎಂಬ ಸಾಫ್ಟ್‌ವೇರ್ ರೂಟರ್ ಒಂದೇ 4 ಜಿಬಿ ನುಂಗುತ್ತದೆ. ಮೂರು ಇಟ್ಟರೆ ಲೆಕ್ಕ ನೀವೇ ಹಾಕಿ. ಆಪಲ್‌ನ ಎಂ ಸರಣಿ ಚಿಪ್‌ನ ಮ್ಯಾಕ್‌ನಲ್ಲಿ ಇಂಟೆಲ್ ಚಿಪ್‌ಗೆ ಮಾಡಿದ ಇಂಥ ಇಮೇಜ್‌ಗಳು, ಅಂದರೆ ರೂಟರ್ ಸಾಫ್ಟ್‌ವೇರ್ ಫೈಲ್‌ಗಳು, ನೇರವಾಗಿ ಓಡುವುದಿಲ್ಲ. ಗ್ರಾಫಿಕ್ಸ್ ಕಾರ್ಡ್? ಪಿಂಗ್ ಮಾಡಲು, ಅಂದರೆ ಆಚೆ ಕಂಪ್ಯೂಟರ್ ಉತ್ತರ ಕೊಡುತ್ತದಾ ನೋಡಲು, ಅದೆಂತಕ್ಕೆ? ಆಯ್ತು, ಈಗ ಪೋರ್ಟ್.

"ಡಾಂಗಲ್ ಹಾಕಿದರಾಯ್ತು" ಅನ್ನುತ್ತೀರಿ. ಯುಎಸ್‌ಬಿಗೆ ಚುಚ್ಚಿ ಲ್ಯಾನ್ ಪೋರ್ಟ್ ಮಾಡಿಕೊಳ್ಳುವ ತುಂಡು. ನಾನೂ ಹಾಕಿದ್ದೆ. ಬದಿಯಡ್ಕದ ಹತ್ತಿರ ಒಂದು ಕಚೇರಿ. ಮೆಟ್ಟಿಲ ಕೆಳಗೆ ರ್‍ಯಾಕ್, ಪಕ್ಕದಲ್ಲಿ ಪೊರಕೆ, ಕೂರಲು ಪೇಂಟ್ ಡಬ್ಬ. ಲ್ಯಾಪ್‌ಟಾಪ್ ತೊಡೆ ಮೇಲೆ. ಕಚೇರಿಯ ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ಜಾಗ ಇಲ್ಲವೆಂದು ಹಳೆ ಸಾಫ್ಟ್‌ವೇರ್ ಅಳಿಸಿ ಹೊಸದು ಹಾಕುತ್ತಿದ್ದೆ. ಸೊಳ್ಳೆ ಕಚ್ಚಿತು. ಕಾಲು ಕೊಡವಿದೆ. ಡಾಂಗಲ್ ಕಳಚಿತು. ಮತ್ತೆ ಚುಚ್ಚುವಷ್ಟರಲ್ಲಿ ಕರೆಂಟೇ ಹೋಯಿತು!

ಕರೆಂಟ್ ಬಂದಾಗ ಸ್ವಿಚ್‌ನೊಳಗೆ ಎಂತದೂ ಇಲ್ಲ. ಉಳಿದದ್ದು ಸ್ವಿಚ್‌ಗೆ ನೇರ ಆಜ್ಞೆ ಕೊಡುವ ಕನ್ಸೋಲ್ ಕೇಬಲ್, ವೇಗ 9600 ಬಾಡ್. ಸೆಕೆಂಡಿಗೆ ಒಂದು ಕೆಬಿಯೂ ಇಲ್ಲ. 20 ಎಂಬಿ ಫೈಲಿಗೆ 6 ಗಂಟೆ! ಕಾಸರಗೋಡಲ್ಲಿ ರೈಲು ಹತ್ತಿದವ ಅಷ್ಟರಲ್ಲಿ ಕೋಝಿಕ್ಕೋಡು ದಾಟಿರುತ್ತಾನೆ. 115200ಕ್ಕೆ ಏರಿಸಬಹುದಿತ್ತಲ್ಲ ಅಂತ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಆಗ ನೆನಪಾಗಲಿಲ್ಲ ಮಾರಾಯ್ರೆ.

ಅದೇ ಲ್ಯಾಪ್‌ಟಾಪ್ ಮೈಯಲ್ಲೇ ಇರುವ ಲ್ಯಾನ್ ಪೋರ್ಟ್ ನೋಡಿ. ಕೇಬಲ್ ಟಕ್ ಅಂತ ಕೂರುತ್ತದೆ. ಕೊಕ್ಕೆ ಒತ್ತದೆ ಬರುವುದಿಲ್ಲ. ಯುಎಸ್‌ಬಿ-ಸಿಗೆ ಕೊಕ್ಕೆ ಉಂಟಾ? ಇಲ್ಲ. ಇನ್ನು ಗೆಳೆಯನ ಡಾಂಗಲ್ ಎರವಲು ತಂದರೆ ಮ್ಯಾಕ್ ಅಡ್ರೆಸ್ (ಪ್ರತಿ ಲ್ಯಾನ್ ಪೋರ್ಟಿಗೂ ಇರುವ ಗುರುತಿನ ಸಂಖ್ಯೆ, ಆಪಲ್ ಮ್ಯಾಕ್ ಅಲ್ಲ) ಬೇರೆ. ಗುರುತಿಲ್ಲದ ಅಡ್ರೆಸ್ ಬಂದರೆ ತಡೆಯುವ ಪೋರ್ಟ್ ಸೆಕ್ಯೂರಿಟಿ ಹಾಕಿದ ಕಡೆ ಚುಚ್ಚಿದ ಕೂಡಲೇ ಸ್ವಿಚ್ ಬಾಗಿಲು ಹಾಕಿಕೊಂಡೀತು.

"ಕನ್ಸೋಲ್ ಕೇಬಲ್‌ಗೂ ಯುಎಸ್‌ಬಿ ಕನ್ವರ್ಟರ್ ಬೇಕಲ್ಲ, ಅದು ಡಾಂಗಲ್ ಅಲ್ವಾ?" ಅಲ್ಲ. ಅದು ಕೇಬಲ್. ನೀಲಿ ಬಣ್ಣ. ಮುಂದೆ ಹೋಗೋಣ.

"ತೆಳ್ಳಗಿನ ಲ್ಯಾಪ್‌ಟಾಪ್‌ಗೆ ಪೋರ್ಟ್ ಹಿಡಿಯುವುದಿಲ್ಲ." ತೆಳ್ಳಗೆ ಬೇಕಾದರೆ ನೀರುದೋಸೆ ತಿನ್ನಿ! ನಮಗೆ ಪೋರ್ಟ್ ಬೇಕು. ದುಡ್ಡು ಜಾಸ್ತಿ ಇಲ್ಲವಾ? ಕಂಪನಿಗಳು ಬಿಟ್ಟ ಹಳೆ ಥಿಂಕ್‌ಪ್ಯಾಡ್ ಟಿ480 ಹುಡುಕಿ. 2018ರದ್ದು. ರ್‍ಯಾಮ್‌ಗೆ ಎರಡು ಸ್ಲಾಟ್, ಲ್ಯಾನ್ ಪೋರ್ಟ್ ಮೈಯಲ್ಲೇ. ನೋಡಲು ಇಟ್ಟಿಗೆ. ಇರಲಿ, ಮದುವೆಗೆ ಕರೆದುಕೊಂಡು ಹೋಗಲಿಕ್ಕಿಲ್ಲವಲ್ಲ.

ಅಂದ ಹಾಗೆ, ಕನ್ನಡದಲ್ಲಿ ಸಿಸಿಎನ್‌ಎ (ಸಿಸ್ಕೋದ ನೆಟ್‌ವರ್ಕ್ ಪರೀಕ್ಷೆ) ಪಾಠ ಶುರು ಮಾಡಿದ್ದೇನೆ, ಲಿಂಕ್ ಕೆಳಗೆ ಉಂಟು. ಬೈಯುವವರು ಕನ್ನಡದಲ್ಲೋ ತುಳುವಿನಲ್ಲೋ ಬೈಯಿರಿ. ಮಲಯಾಳದಲ್ಲಿ ಬೈದರೆ ಹೆಂಡತಿ ಓದುತ್ತಾಳೆ.

ಮತ್ತೆ ಯಾರೂ ಯಾಕೆ ಅಂತ ಕೇಳಬೇಡಿ. ಲ್ಯಾನ್ ಪೋರ್ಟ್ ಬೇಕು ಅಂದರೆ ಬೇಕು. ಬೇಕು! ಆ ಕಮೆಂಟ್ ಹಾಕಿದ ತಮ್ಮಾ, ನಿನ್ನ ಡಾಂಗಲ್ ಯಾವುದು ಅಂತ ಸುಮ್ನೆ ಕೆಳಗೆ ಬರಿ. ವಿಡಿಯೋ ಎಡಿಟ್ ಮಾಡಲು ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡೆ. ಅದಕ್ಕೆ ಪೋರ್ಟ್ ಇಲ್ಲ.