ಪ್ರಶ್ನೆಗೊಂದು ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. 2020ರ ಮಳೆಗಾಲ ನಿಮಗೂ ನೆನಪಿರಬೇಕು. ಕಾಲೇಜು ಮುಚ್ಚಿತ್ತು, ದಿನಕ್ಕೆ ಮೂರು ನಾಲ್ಕು ವೆಬಿನಾರ್‌ಗಳ ಆಹ್ವಾನ ಮೊಬೈಲಿಗೆ ಬರುತ್ತಿತ್ತು. ಶಾಸನಗಳ ಬಗ್ಗೆ ನಡೆದ ಒಂದರಲ್ಲಿ ನಾನೂ ಕೂತಿದ್ದೆ. ತೆರೆಯ ಮೇಲೆ ಮುನ್ನೂರು ಹೆಸರು, ಮುಖ ಒಂದೂ ಇಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ ಮುಗಿಯುವಷ್ಟರಲ್ಲಿ ನಲವತ್ತು ನಿಮಿಷ ಹೋಯಿತು. ಆಮೇಲೆ ವಿದ್ವಾಂಸರು ಒಂದೂವರೆ ಗಂಟೆ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಪ್ರಶ್ನೆಗಳಿದ್ದರೆ ಚಾಟ್‌ನಲ್ಲಿ ಹಾಕಿ ಅಂದಾಗ ಬಂದದ್ದು ಎರಡೇ ಮಾತು: ‘ಥ್ಯಾಂಕ್ಯೂ ಸರ್’, ‘ಫೀಡ್‌ಬ್ಯಾಕ್ ಲಿಂಕ್ ಹಾಕಿ’. ಆ ಲಿಂಕ್ ತುಂಬಿದರೇ ಪ್ರಮಾಣಪತ್ರ.

ಮಾರನೆಯ ದಿನ ನನ್ನ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. ಅವಳ ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಿಂದಿನ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತು ಭಾಷಣ ಕೇಳಿದ್ದಳು. ಕೊನೆಗೆ ಪ್ರಶ್ನೆ ಕೇಳೋಣ ಅನ್ನುವಾಗ ಸಿಗ್ನಲ್ ಹೋಯಿತಂತೆ. ‘ಸರ್, ನಮ್ಮೂರ ಹೆಸರಿನ ಕೊನೇಲಿ ಕೊಡಿಗೆ ಅಂತ ಇದೆ. ಅವರು ಹೇಳಿದ ಶಾಸನದ ಕೊಡಗೆ, ಅಂದ್ರೆ ದಾನವಾಗಿ ಕೊಟ್ಟ ಭೂಮಿ, ಅದೇನಾ? ಈಗ ಯಾರನ್ನ ಕೇಳೋದು?’ ಅಂದಳು. ಮುನ್ನೂರು ಜನರ ಆ ಸಭೆಯಲ್ಲಿ ಹುಟ್ಟಿದ ನಿಜವಾದ ಪ್ರಶ್ನೆ ಅದೊಂದೇ ಇರಬಹುದು. ಆದರೆ ಸಭೆ ಮುಗಿದಿತ್ತು, ಲಿಂಕ್ ಮುಚ್ಚಿತ್ತು.

ಅಂದಿನಿಂದ ನನ್ನನ್ನು ಕಾಡುತ್ತಿರುವ ವಿಷಯ ಇದು. ಸಭಾಂಗಣದಲ್ಲಿ ನಡೆಯುವುದನ್ನೆಲ್ಲ ಹಾಗೇ ಎತ್ತಿ ಮೊಬೈಲಿನೊಳಗೆ ಇಟ್ಟರೆ ವಿಚಾರ ಸಂಕಿರಣ ಆಗುವುದಿಲ್ಲ. ಭಾಷಣವನ್ನು ಯಾವಾಗ ಬೇಕಾದರೂ ಕೇಳಬಹುದು. ಎಲ್ಲರೂ ಒಂದೇ ಹೊತ್ತಿಗೆ ಸೇರಬೇಕಾದದ್ದು ಚರ್ಚೆಗೆ. ನಾವು ಇದನ್ನು ತಿರುವುಮುರುವು ಮಾಡಿಕೊಂಡೆವು.

ಇದನ್ನು ಕೊರೊನಾ ಬರುವ ಮೊದಲೇ ಸರಿಯಾಗಿ ಮಾಡಿದವರಿದ್ದಾರೆ. ಅಮೆರಿಕದ ಸಾಂಟಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಂಗ್ಲಿಷ್ ಪ್ರಾಧ್ಯಾಪಕ ಕೆನ್ ಹಿಲ್ಟ್‌ನರ್ ಮತ್ತು ಅವರ ಸಂಗಡಿಗರು 2016ರ ಮೇ ತಿಂಗಳಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಒಂದು ಸಮ್ಮೇಳನ ನಡೆಸಿದರು. ಹವಾಮಾನದ ಬಗ್ಗೆ ಮಾತಾಡಲು ವಿಮಾನ ಹತ್ತಿ ಬರುವುದು ಅವರ ಮನಸ್ಸಿಗೆ ಒಪ್ಪಲಿಲ್ಲ. ಭಾಷಣಕಾರರು ತಮ್ಮ ಮಾತನ್ನು ಊರಲ್ಲೇ ರೆಕಾರ್ಡ್ ಮಾಡಿ ಕಳಿಸಿದರು. ಸಮ್ಮೇಳನ ಸುಮಾರು ಮೂರು ವಾರ ತೆರೆದಿತ್ತು. ಬಿಡುವಾದಾಗ ಕೇಳಿ, ಯೋಚಿಸಿ, ಪ್ರಶ್ನೆ ಬರೆದು ಹಾಕುವುದು, ಭಾಷಣಕಾರರು ಬರೆದು ಉತ್ತರಿಸುವುದು. ವಿಮಾನದಲ್ಲಿ ಬಂದು ಸೇರುವ ಸಮ್ಮೇಳನದ ಇಂಗಾಲದ ಹೊರೆಗೆ ಹೋಲಿಸಿದರೆ ಇದರ ಹೊರೆ ಶೇಕಡಾ 1ರಷ್ಟೂ ಇರಲಿಲ್ಲವೆಂದು ಸಂಘಟಕರೇ ಲೆಕ್ಕ ಕೊಟ್ಟರು. ನನ್ನನ್ನು ಸೆಳೆದದ್ದು ಆ ಮೂರು ವಾರ. ನಮ್ಮ ಗುಡ್ಡದ ಹುಡುಗಿಗೆ ಮೂರು ದಿನ ಸಿಕ್ಕಿದ್ದರೂ ಸಾಕಿತ್ತು.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಐಸಿಎಲ್‌ಆರ್ ಎಂಬುದು ಕೃತಕ ಬುದ್ಧಿಮತ್ತೆಯ ಸಂಶೋಧಕರ ದೊಡ್ಡ ವಾರ್ಷಿಕ ಸಮ್ಮೇಳನ. 2018ರಲ್ಲಿ ಇದೇ ಕ್ಷೇತ್ರದ ಇನ್ನೊಂದು ಸಮ್ಮೇಳನ ಕೆನಡಾದಲ್ಲಿ ನಡೆದಾಗ ಆಫ್ರಿಕಾದ ಅನೇಕರಿಗೆ ವೀಸಾ ಸಿಗಲಿಲ್ಲ. ಹಾಗಿದ್ದರೆ ಸಮ್ಮೇಳನವೇ ಆಫ್ರಿಕಾಕ್ಕೆ ಹೋಗಲಿ ಎಂಬ ಮಾತಿಗೆ ಬಲ ಬಂತು. 2020ರ ಐಸಿಎಲ್‌ಆರ್ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ಎಂದು ನಿಶ್ಚಯವಾಯಿತು. ಅಷ್ಟರಲ್ಲಿ ಸೋಂಕು ಬಂತು. ಕೆಲವೇ ವಾರಗಳಲ್ಲಿ ಎಲ್ಲವನ್ನೂ ಆನ್‌ಲೈನಿಗೆ ತರಬೇಕಾಯಿತು.

ಅವರು ಮಾಡಿದ ಕೆಲಸ ನೋಡಿ. ಪ್ರತಿ ಪ್ರಬಂಧಕ್ಕೂ ಒಂದು ಪುಟ, ಅದರಲ್ಲಿ ಮೊದಲೇ ರೆಕಾರ್ಡ್ ಮಾಡಿದ ಚಿಕ್ಕ ವಿಡಿಯೊ, ಪಕ್ಕದಲ್ಲೇ ಬರೆದು ಮಾತಾಡುವ ಜಾಗ. ಲೇಖಕರು ಎರಡು ಬೇರೆ ಬೇರೆ ಹೊತ್ತಿನಲ್ಲಿ ನೇರವಾಗಿ ಸಿಗುತ್ತಿದ್ದರು. ಒಬ್ಬರ ನಡುರಾತ್ರಿ ಇನ್ನೊಬ್ಬರ ಬೆಳಗು, ಹಾಗಾಗಿ ಎರಡು ಸಲ. ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯವರು ಬೆಳಿಗ್ಗೆ 10ಕ್ಕೆ ಸಭೆ ಇಟ್ಟರೆ ನಮಗೆ ರಾತ್ರಿ ಹತ್ತೂವರೆ ಆಗಿರುತ್ತದೆ. ಅದೊಂದೇ ಹೊತ್ತಾದರೆ ನಾವು ಸದಾ ತೂಕಡಿಸುತ್ತಲೇ ಕೇಳಬೇಕು. ಹಿಂದಿನ ವರ್ಷಕ್ಕಿಂತ ದುಪ್ಪಟ್ಟು ಜನ, 5,000ಕ್ಕೂ ಹೆಚ್ಚು ಮಂದಿ ಸೇರಿದರು. ಆ ಜಾಲತಾಣ ಕಟ್ಟಿದವರು ಅದರ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಲೆಂದು ಮುಕ್ತವಾಗಿ ಹಂಚಿಬಿಟ್ಟರು. ಮುಂದೆ 2023ರಲ್ಲಿ ಆ ಸಮ್ಮೇಳನ ರುವಾಂಡಾದ ಕಿಗಾಲಿಯಲ್ಲಿ ನಡೆದು, ಆಫ್ರಿಕಾಕ್ಕೆ ಹೋಗುವ ಮಾತನ್ನೂ ಉಳಿಸಿಕೊಂಡಿತು. ನನಗೆ ಅದೂ ಸಂತೋಷವೇ.

ಯಾಕೆಂದರೆ ಎದುರುಬದುರು ಕೂರುವುದರಲ್ಲಿ ಇರುವ ಸುಖವನ್ನು ನಾನು ಅಲ್ಲಗಳೆಯಲಾರೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಹಿರಿಯರೊಬ್ಬರು ‘ಎಲ್ಲಿಯವರಪ್ಪಾ ನೀವು?’ ಎಂದು ಕೇಳಿದ್ದರಿಂದಲೇ ನನ್ನ ಸಂಶೋಧನೆಗೆ ದಾರಿ ಸಿಕ್ಕಿತು. ಅದನ್ನು ಆನ್‌ಲೈನ್‌ನಲ್ಲಿ ಪೂರ್ತಿಯಾಗಿ ತರಲು ಆಗುವುದಿಲ್ಲ. ಸ್ವಲ್ಪ ತರಬಹುದು. 2020ರ ಜನವರಿಯಲ್ಲಿ ಬೆಳಕಿನ ವಿಜ್ಞಾನದವರು ಒಂದು ದಿನದ ಆನ್‌ಲೈನ್ ಸಮಾವೇಶ ನಡೆಸಿದಾಗ ಅನೇಕ ಕಡೆ ಜನ ತಮ್ಮ ಊರಿನಲ್ಲೇ ಗುಂಪಾಗಿ ಸೇರಿ ಕೇಳಿದರು. ನಮ್ಮಲ್ಲೂ ಧಾರವಾಡದಲ್ಲಿ ಒಂದು ಕೋಣೆ, ಕಲಬುರಗಿಯಲ್ಲಿ ಒಂದು, ಮಂಗಳೂರಿನಲ್ಲಿ ಒಂದು ಇಟ್ಟರೆ ಊಟದ ಸಾಲೂ ಉಳಿಯುತ್ತದೆ, ರಾತ್ರಿ ಬಸ್ಸಿನ ಪ್ರಯಾಣದ ಕಷ್ಟವೂ ತಪ್ಪುತ್ತದೆ.

ಕಳೆದ ವರ್ಷ ನಾವು ನಾಲ್ಕು ಕಾಲೇಜಿನವರು ಸೇರಿ ಸ್ಥಳನಾಮಗಳ ಬಗ್ಗೆ ಒಂದು ಸಣ್ಣ ಸಂಕಿರಣ ಮಾಡಿದೆವು. ಪ್ರಬಂಧಗಳನ್ನು ಹದಿನೈದು ನಿಮಿಷಕ್ಕೆ ಮೀರದಂತೆ ರೆಕಾರ್ಡ್ ಮಾಡಿ ವಾರ ಮೊದಲೇ ಕಳಿಸಿದೆವು. ಡೇಟಾ ಕಡಿಮೆ ಇರುವವರಿಗೆ ಬರೀ ಧ್ವನಿ, ಜೊತೆಗೆ ಬರೆದ ಪ್ರತಿ. ಒಂದೇ ಒಂದು ಗಂಟೆ ಎಲ್ಲರೂ ನೇರವಾಗಿ ಸೇರಿದೆವು, ಅದೂ ಬರೀ ಪ್ರಶ್ನೆಗೆ. ಮೊದಲ ಪ್ರಶ್ನೆ ವಿದ್ಯಾರ್ಥಿಯದೇ ಆಗಬೇಕೆಂದು ಅಧ್ಯಕ್ಷರಿಗೆ ಮೊದಲೇ ಹೇಳಿದ್ದೆವು. ಚರ್ಚೆಯ ವಾಟ್ಸಾಪ್ ಗುಂಪನ್ನು ಹತ್ತು ದಿನ ತೆರೆದಿಟ್ಟೆವು. ಪ್ರಮಾಣಪತ್ರ ಪ್ರಶ್ನೆಯನ್ನೋ ಉತ್ತರವನ್ನೋ ಬರೆದವರಿಗೆ ಮಾತ್ರ.

ನನ್ನ ಆ ಹಳೆಯ ವಿದ್ಯಾರ್ಥಿನಿ ಈಗ ಎಂ.ಎ. ಮುಗಿಸಿದ್ದಾಳೆ. ಅವಳೂ ಗುಂಪಿನಲ್ಲಿದ್ದಳು, ಕೊಡಿಗೆಯ ಪ್ರಶ್ನೆಯನ್ನು ಮತ್ತೆ ಹಾಕಿದಳು. ಕೆರೆ ಕಟ್ಟಿಸಿದವರಿಗೆ, ಯುದ್ಧದಲ್ಲಿ ಮಡಿದವರ ಮನೆಯವರಿಗೆ ಭೂಮಿಯನ್ನು ಕೊಡಗೆಯಾಗಿ ಕೊಡುತ್ತಿದ್ದರು, ನಿಮ್ಮೂರಿನದು ಯಾವುದಿರಬಹುದು ಹುಡುಕಿ ನೋಡಮ್ಮ ಎಂದು ನಿವೃತ್ತ ಪ್ರಾಧ್ಯಾಪಕರೊಬ್ಬರು ಬರೆದರು. ಆರನೆಯ ದಿನ ರಾತ್ರಿ ಅವಳು ಒಂದು ಫೋಟೊ ಹಾಕಿದಳು. ಅವರ ತೋಟದಾಚೆ, ಕಾಡು ಬೆಳೆದು ಮುಚ್ಚಿಹೋದ ಹಳೆಯ ಕೆರೆಯ ಏರಿ.

ನಮಸ್ಕಾರ.