ಅಮೃತಬಳ್ಳಿ: ಒಂದೇ ಊರಿನ ಎರಡು ಸಾಕ್ಷಿ

ಎಲ್ಲರಿಗೂ ನಮಸ್ಕಾರ. ಈ ಕಡ್ಡಿ ನಮ್ಮ ಡೊಂಬಿವಲಿ ಮನೆಯ ಬಾಲ್ಕನಿಯದು. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಉಗುರು ತಾಗಿಸಿದರೆ ಮೇಲಿನ ಸಿಪ್ಪೆ ಕಾಗದದ ಹಾಗೆ ಏಳುತ್ತದೆ, ಒಳಗೆ ಹಸಿರು. ಅಡ್ಡ ಕೊಯ್ದಲ್ಲಿ ಸೈಕಲ್ ಚಕ್ರದ ಕಡ್ಡಿಗಳಂಥ ಗೆರೆಗಳಿವೆ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ, ಆಮೇಲೆ ಸಂಘದವರು ಕೊಡುವ ಕಾಫಿಯೂ ಕಹಿಯಾದೀತು!

ನಮಗೆ ಅಮೃತಬಳ್ಳಿ, ಇಲ್ಲಿಯವರಿಗೆ ಗುಳವೇಲ್, ಹಿಂದಿಯವರಿಗೆ ಗಿಲೋಯ್. ಸಂಸ್ಕೃತದಲ್ಲಿ ಗುಡೂಚಿ ಎನ್ನುತ್ತಾರೆ. ನನಗೆ ಇಷ್ಟವಾದದ್ದು ಅದರ ಇನ್ನೊಂದು ಹೆಸರು, ಛಿನ್ನರುಹಾ. ಕಡಿದರೂ ಚಿಗುರುವಂಥದ್ದು ಅಂತ ಅರ್ಥ. ಊರಿಂದ ತಂದ ಗೇಣುದ್ದದ ತುಂಡನ್ನು ಎರಡು ವಾರ ಚೀಲದಲ್ಲೇ ಮರೆತಿದ್ದೆ. ಕುಂಡದಲ್ಲಿ ಊರಿದೆ, ಚಿಗುರೇಬಿಟ್ಟಿತು.

ಔಷಧಕ್ಕೆ ಮುಖ್ಯವಾಗಿ ಬೇಕಾದದ್ದು ಕಾಂಡ. ಜಜ್ಜಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಕಿವುಚಿ ಸೋಸಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಒಣಗಿಸಿದರೆ ಅದೇ ಅಮೃತಸತ್ವ. ಆಯುರ್ವೇದದಲ್ಲಿ ಜ್ವರಕ್ಕೆ, ಪ್ರಮೇಹಕ್ಕೆ, ಅಂದರೆ ಸಕ್ಕರೆ ಕಾಯಿಲೆಯಂಥ ಮೂತ್ರದ ತೊಂದರೆಗಳಿಗೆ, ಇದು ಹಳೆಯ ಮದ್ದು. ಬೇವಿನ ಮರಕ್ಕೆ ಹಬ್ಬಿದ್ದು ಶ್ರೇಷ್ಠ ಅನ್ನುತ್ತಾರೆ.

ಈಗ ನಮ್ಮೂರಿನ, ಅಂದರೆ ಮುಂಬಯಿಯ ಕಥೆ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಶರದಿನಿ ಡಹಾಣೂಕರ್ ಮತ್ತು ಜೊತೆಗಾರರು ಪಿತ್ತನಾಳ ಕಟ್ಟಿ ಕಾಮಾಲೆಯಾದ 30 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. 1993ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಪರೇಷನ್ನಿಗೆ ಮೊದಲು ಮಾಮೂಲು ಚಿಕಿತ್ಸೆಯ ಜೊತೆ ಗುಳವೇಲ್ ಪಡೆದವರಲ್ಲಿ ಯಾರಿಗೂ ರಕ್ತಕ್ಕೆ ನಂಜೇರಲಿಲ್ಲ, ಬದುಕುಳಿದವರೂ ಹೆಚ್ಚು. ಮೂವತ್ತೇ ಜನ, ನಿಜ. ಆದರೂ ಅಸಡ್ಡೆ ಮಾಡುವ ಕೆಲಸವಲ್ಲ.

ಆಮೇಲೆ ಬಂತು 2020, ಕೋವಿಡ್ ವರ್ಷ. ಮನೆಮನೆಯಲ್ಲೂ ಕಷಾಯ ಕುದಿಯಿತು. ಆ ವರ್ಷ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಗಿಲೋಯ್ ಸೇವಿಸಿ ಲಿವರಿಗೆ ಪೆಟ್ಟುಬಿದ್ದ ಆರು ಜನರ ವಿವರವನ್ನು ಮುಂಬಯಿಯ ವೈದ್ಯರೇ 2021ರಲ್ಲಿ ಪ್ರಕಟಿಸಿದರು. ಅದು ದೇಹದ ರಕ್ಷಣಾ ವ್ಯವಸ್ಥೆ ತನ್ನ ಲಿವರನ್ನೇ ಶತ್ರುವೆಂದು ಬಗೆದಾಗ ಕಾಣುವಂಥ ಗಾಯ. ಒಗಟೇನೂ ಅಲ್ಲ. ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ ಅಂತ ತಾನೇ ನಾವು ಕುಡಿಯುವುದು? ಕೆರಳಬಾರದ ಮೈಯಲ್ಲೂ ಅದು ಕೆರಳಿಸೀತು.

ಆಯುಷ್ ಸಚಿವಾಲಯ ಒಪ್ಪಲಿಲ್ಲ. ಬಳಸಿದ್ದು ಇದರ ದಾಯಾದಿ ಟಿನೋಸ್ಪೊರಾ ಕ್ರಿಸ್ಪಾ ಇರಬಹುದು ಎಂದಿತು. ಅದರ ಕಾಂಡದ ತುಂಬ ಗುಳ್ಳೆಗಳಂಥ ಗಂಟು. ಈ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. ಮಾರ್ಕೆಟ್ಟಿನಲ್ಲಿ ಗುಳವೇಲ್ ಅಂತ ನಾನೇ ಕೊಂಡ ಕಟ್ಟಿನಲ್ಲಿ ಅರ್ಧ ಬೇರೆ ಯಾವುದೋ ಬಳ್ಳಿಯ ಕಡ್ಡಿ ಇತ್ತು. ಆದರೆ 'ಗಿಡ ತಪ್ಪಾಗಿತ್ತು' ಅಂದುಬಿಟ್ಟರೆ ಎಲ್ಲ ಮುಗಿಯಿತೇ? 2022ರಲ್ಲಿ ದೇಶದ ಹಲವು ಆಸ್ಪತ್ರೆಗಳಿಂದ ಇಂಥದೇ 43 ರೋಗಿಗಳ ವರದಿ ಬಂತು.

ಹಾಗಾಗಿ ಲಿವರ್ ತೊಂದರೆ, ಥೈರಾಯ್ಡಿನ ಆಟೋಇಮ್ಯೂನ್ (ರಕ್ಷಣಾ ವ್ಯವಸ್ಥೆ ತನ್ನ ಮೈಮೇಲೇ ತಿರುಗುವ) ಕಾಯಿಲೆ, ಸಂಧಿವಾತ ಇರುವವರು ತಾವಾಗಿಯೇ ಇದನ್ನು ಶುರುಮಾಡಬೇಡಿ. ಶುಗರ್ ಮಾತ್ರೆ ನುಂಗುವವರೂ ಎಚ್ಚರ, ಇದೂ ಸಕ್ಕರೆ ಇಳಿಸೀತು.

ನಮ್ಮ ಬಿಲ್ಡಿಂಗಿನ ಅಕ್ಕ ಒಬ್ಬರಿಗೆ ಕಣ್ಣು ಹಳದಿಯಾಯಿತು. ಬೇರೆ ಔಷಧಿ ಏನಾದರೂ ತಗೊಳ್ತೀರಾ ಅಂತ ಡಾಕ್ಟರು ಎರಡು ಸಲ ಕೇಳಿದರಂತೆ, ಎರಡು ಸಲವೂ ಇಲ್ಲ ಅಂದರು. ಸುಳ್ಳು ಹೇಳಲಿಲ್ಲ ಪಾಪ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಒಂದು ಲೋಟ ಕುಡಿಯುತ್ತಿದ್ದರು, ಆದರೆ ಅವರ ಲೆಕ್ಕದಲ್ಲಿ ಅದು ಔಷಧಿಯಲ್ಲ, ಕಷಾಯ.