ದುಡ್ಡಿಲ್ಲದ ಊರಿಗೆ ಬಂದ ಅಬಕಾರಿ ತೆರಿಗೆ

ಎಲ್ಲರಿಗೂ ನಮಸ್ಕಾರ. ಟೈಮ್ ಕಮ್ಮಿ ಇದೆ, ಸೀದಾ ವಿಷ್ಯಕ್ಕೆ ಬರ್ತೀನಿ. ಅಮೆರಿಕಾದಲ್ಲಿ 1794ರಲ್ಲಿ ವಿಸ್ಕಿ ದಂಗೆ ನಡೀತು ಅಂದ್ರೆ ಜನ ನಗ್ತಾರೆ, ಕುಡುಕರ ಗಲಾಟೆ ಇರ್ಬೇಕು ಅಂತ. ನಾನೂ ಹಂಗೇ ಅಂದ್ಕೊಂಡಿದ್ದೆ, ಒಂದು ಕುದುರೆ ಲೆಕ್ಕ ಓದೋವರೆಗೂ.

ಆ ಲೆಕ್ಕ ಏನಪ್ಪಾ ಅಂದ್ರೆ, ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಪಿಟ್ಸ್‌ಬರ್ಗ್ ಸುತ್ತಮುತ್ತ ರೈತರು ಬೆಳೀತಿದ್ದದ್ದು ರೈ (ಒಗ್ಗರಣೆ ಸಾಸಿವೆ ಅಲ್ಲ ಮತ್ತೆ, ಗೋಧಿ ಜಾತಿ ಕಾಳು). ಮಾರ್ಕೆಟ್ ಇರೋದು ಅಲೆಗೆನಿ ಬೆಟ್ಟ ದಾಟಿ ಫಿಲಡೆಲ್ಫಿಯಾ ಕಡೆ, ಸುಮಾರು 300 ಮೈಲಿ, ರಸ್ತೆ ಅಂತೂ ಕೇಳ್ಬೇಡಿ. ಕುದುರೆ ಬೆನ್ನಿಗೆ ಕಾಳು ಹೇರಿದ್ರೆ 4 ಬುಶೆಲ್ (ಅಲ್ಲಿ ಕಾಳು ಅಳೆಯೋ ಅಳತೆ) ಹೋಗತ್ತೆ ಅಷ್ಟೇ, ಅದನ್ನೇ ಭಟ್ಟಿ ಇಳಿಸಿ ಆ ಕಡೆ ಒಂದು ಈ ಕಡೆ ಒಂದು ಪೀಪಾಯಿ ಕಟ್ಟಿದ್ರೆ 24 ಬುಶೆಲ್ ಬೆಳೆ ಒಂದೇ ಕುದುರೆ ಮೇಲೆ ಹೋಗತ್ತೆ. ನದಿ ದಾರಿ ಹಿಡಿಯೋಣ ಅಂದ್ರೆ ಮಿಸಿಸಿಪ್ಪಿ ಸಮುದ್ರ ಸೇರೋ ಜಾಗ ಸ್ಪೇನ್ ಕೈಲಿತ್ತು. ಕೈಲಿ ಕಾಸು ಓಡಾಡ್ತಾನೇ ಇರ್ಲಿಲ್ಲ, ಕೂಲಿಗೂ ವಿಸ್ಕಿ, ಅಂಗಡಿ ಸಾಮಾನಿಗೂ ವಿಸ್ಕಿ, ಚರ್ಚ್ ಪಾದ್ರಿಗೂ ಒಮ್ಮೊಮ್ಮೆ ಅದೇ ಸಂಬಳ.

ಇಂಥಾ ಊರಿಗೆ 1791ರಲ್ಲಿ ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸೋಕೆ ಅಂತ ವಿಸ್ಕಿ ಮೇಲೆ ತೆರಿಗೆ ತಂದ್ರು, ಅದೂ ನಗದಲ್ಲೇ ಕಟ್ಬೇಕು. ಇನ್ನೊಂದು ಕುತಂತ್ರ ನೋಡಿ (ನಾನು ಕುತಂತ್ರ ಅಂತೀನಿ, ನೀವು ಪಾಲಿಸಿ ಅನ್ನಿ): ಭಟ್ಟಿ ಇಳಿಸೋ ಹಂಡೆ ಎಷ್ಟು ದೊಡ್ಡದು ಅನ್ನೋ ಲೆಕ್ಕದಲ್ಲಿ ವರ್ಷಕ್ಕೆ ಒಂದೇ ಸಲ ಕಟ್ಬಹುದಿತ್ತು. ವರ್ಷಪೂರ್ತಿ ಒಲೆ ಉರಿಸೋ ದೊಡ್ಡ ಕುಳಕ್ಕೆ ಗ್ಯಾಲನ್‌ಗೆ ಬೀಳೋದು ಚಿಲ್ಲರೆ, ಸುಗ್ಗಿ ಆದ್ಮೇಲೆ ಕೆಲವೇ ವಾರ ಹಂಡೆ ಇಡೋ ರೈತಂಗೆ ಮಾತ್ರ ಬರೆ.

ಶುರುವಾಯ್ತು. 1791ರ ಸೆಪ್ಟೆಂಬರ್‌ನಲ್ಲಿ ಹೆಂಗಸರ ವೇಷ ಹಾಕ್ಕೊಂಡು ಬಂದ ಗಂಡಸರು ರಾಬರ್ಟ್ ಜಾನ್ಸನ್ ಅನ್ನೋ ವಸೂಲಿದಾರನ್ನ ಹಿಡಿದು, ಮೈಗೆ ಟಾರು ಬಳಿದು ಹಕ್ಕಿ ಪುಕ್ಕ ಅಂಟಿಸಿ ಬಿಟ್ರು. ಆಮೇಲೆ ಟಾಮ್ ದ ಟಿಂಕರ್ ಅಂತ ಸಹಿ ಇರೋ ಬೆದರಿಕೆ ಪತ್ರಗಳು. ಟಿಂಕರ್ ಅಂದ್ರೆ ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕಿ ತೂತು ಮುಚ್ಚೋನು ಇದಾನಲ್ಲ, ಅವನೇ. ಆದ್ರೆ ಈ ಟಾಮ್ ಮಾಡೋ ರಿಪೇರಿ ಉಲ್ಟಾ, ಸುಮ್ನೆ ತೆರಿಗೆ ಕಟ್ಟಿದೋರ ತಾಮ್ರದ ಹಂಡೆಗೆ ಗುಂಡು ಹೊಡೆದು ಜರಡಿ ಮಾಡೋದು! ಹಂಗಾಗಿ ಕಟ್ಟೋ ಮನಸ್ಸಿದ್ದೋನೂ ಕಟ್ತಿರ್ಲಿಲ್ಲ, ಇದನ್ನ ಮುಚ್ಚಿಡೋದು ಸರಿಯಲ್ಲ, ರೈತರೆಲ್ಲ ಸಾಧುಗಳಾಗಿರ್ಲಿಲ್ಲ.

1794ರ ಜುಲೈನಲ್ಲಿ ಬೆಂಕಿ ಹತ್ತಿಕೊಳ್ತು. ಮಾರ್ಷಲ್ (ಕೋರ್ಟ್ ಆದೇಶ ಜಾರಿ ಮಾಡೋ ಅಧಿಕಾರಿ) ಡೇವಿಡ್ ಲೆನಾಕ್ಸ್ ಸಮನ್ಸ್ ಹಿಡ್ಕೊಂಡು ಬಂದ, ಫಿಲಡೆಲ್ಫಿಯಾ ಕೋರ್ಟಿಗೇ ಬರ್ಬೇಕು ಅಂತ, ಸಣ್ಣ ರೈತ ಅಷ್ಟು ದೂರ ಹೋಗಿ ಬರೋದ್ರೊಳಗೆ ಹೊಲ ಮನೆ ಎಲ್ಲ ಗೋವಿಂದ. ದಾರಿ ತೋರಿಸ್ತಿದ್ದೋನು ತೆರಿಗೆ ಇನ್‌ಸ್ಪೆಕ್ಟರ್ ಜಾನ್ ನೆವಿಲ್, ಸ್ವತಃ ದೊಡ್ಡ ಭಟ್ಟಿಯ ಯಜಮಾನ, ಅದಕ್ಕೇ ಜನಕ್ಕೆ ಇನ್ನಷ್ಟು ಉರಿ. ಜುಲೈ 17ಕ್ಕೆ ನೂರಾರು ಜನ ಬವರ್ ಹಿಲ್‌ನಲ್ಲಿದ್ದ ಅವನ ಮನೆ ಮುತ್ತಿದ್ರು, ಗುಂಡಿನ ಕಾಳಗದಲ್ಲಿ ಮುತ್ತಿದೋರ ಮುಖಂಡ ಜೇಮ್ಸ್ ಮ್ಯಾಕ್‌ಫಾರ್ಲೇನ್ ಸತ್ತ, ಮನೆ ಸುಟ್ಟು ಬೂದಿ ಆಯ್ತು. ಆಗಸ್ಟ್ 1ಕ್ಕೆ ಪಿಟ್ಸ್‌ಬರ್ಗ್ ಹತ್ತಿರದ ಬ್ರಾಡಕ್ಸ್ ಫೀಲ್ಡ್‌ನಲ್ಲಿ ಸೇರಿದ್ದು ಸುಮಾರು 7,000 ಜನ. ಪಿಟ್ಸ್‌ಬರ್ಗ್‌ನೋರು ಹೆದರಿ ಏನು ಮಾಡಿದ್ರು ಗೊತ್ತಾ, ಬಂದೋರಿಗೆಲ್ಲ ವಿಸ್ಕಿ ಕೊಟ್ಟು ಕಳ್ಸಿದ್ರು. ವಕೀಲ ಬ್ರಾಕೆನ್‌ರಿಜ್ ತನ್ನ ಪೀಪಾಯಿಗಳೂ ಖಾಲಿಯಾದ್ವು ಅಂತ ಆಮೇಲೆ ಬರೆದ, ಮನೆ ಉಳೀತಲ್ಲ ಅನ್ನೋ ಸಮಾಧಾನ ಅವನಿಗೆ.

ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಮಿಲಿಷಿಯಾ (ರಾಜ್ಯಗಳ ನಾಗರಿಕ ಪಡೆ) ಸೇರಿಸಿ, ಬೆಡ್‌ಫರ್ಡ್‌ವರೆಗೆ ತಾನೇ ಜೊತೆಗೆ ಹೋದ. ದಂಡು ಬರೋ ಹೊತ್ತಿಗೆ ಎದುರಿಗೆ ಯಾರೂ ಇಲ್ಲ, ಡೇವಿಡ್ ಬ್ರಾಡ್‌ಫರ್ಡ್ ಥರದ ಲೀಡರ್‌ಗಳು ಪರಾರಿ. ದೇಶದ್ರೋಹ ಅಂತ ಶಿಕ್ಷೆ ಆಗಿದ್ದು ಇಬ್ಬರಿಗೆ, ಅವರನ್ನೂ ವಾಷಿಂಗ್ಟನ್ ಕ್ಷಮಿಸಿಬಿಟ್ಟ. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಕಾಲಕ್ಕೆ ತೆರಿಗೆನೇ ಹೋಯ್ತು.

ಇದ್ರಲ್ಲಿ ನಂಗೆ ಇಷ್ಟವಾದ ಭಾಗ ಬೇರೆ ಇದೆ. ಅಷ್ಟು ಸಾವಿರ ಸೈನಿಕರಿಗೆ ಊಟ ಬೇಕು, ಕುದುರೆಗೆ ಮೇವು ಬೇಕು, ದಿನಕ್ಕಿಷ್ಟು ಅಂತ ವಿಸ್ಕಿನೂ ಬೇಕು. ಅದನ್ನೆಲ್ಲ ಅಲ್ಲೇ ಸುತ್ತಮುತ್ತ ಕೊಂಡ್ಕೊಂಡ್ರು, ಕಾಸು ಕಾಣದ ಊರಿಗೆ ಕಾಸು ತಂದುಕೊಟ್ಟಿದ್ದು ಕೊನೆಗೆ ವಸೂಲಿಗೆ ಬಂದ ದಂಡೇ.